ಪ್ಯಾಶನ್ ಅಂತೆ, ಪ್ಯಾಶನ್!

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಕಾರಿನ ಮಾತು ಬಂತೋ, ಒಂದು ಡೈಲಾಗ್ ಕಟ್ಟಿಟ್ಟ ಬುತ್ತಿ: "ಜರ್ಮನ್ ಕಾರು ತಲೆಯಿಂದ ಮಾಡಿದ್ದು, ಇಟಾಲಿಯನ್ ಕಾರು ಹೃದಯದಿಂದ ಮಾಡಿದ್ದು." ಹೇಳಿದವನ ಲ್ಯಾಪ್‌ಟಾಪ್ ತೆರೆ ಮೇಲೆ ಕೆಂಪು ಫೆರಾರಿ 250 ಜಿಟಿಒ ನಿಂತಿರುತ್ತೆ. ಎಲ್ಲರೂ ತಲೆ ಆಡಿಸ್ತಾರೆ. ನನಗೆ ಮಾತ್ರ ಮೈ ಉರಿಯುತ್ತೆ. ಹೊಗಳಿಕೆಯ ವೇಷ ಹಾಕಿಕೊಂಡು ಬಂದ ಅವಮಾನ ಇದು. ಟ್ಯೂರಿನ್, ಮಿಲಾನ್‌ಗಳಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ಬೆನ್ನು ಬಗ್ಗಿಸಿದ ಎಂಜಿನಿಯರುಗಳಿಗೆ ತಲೆಯೇ ಇರಲಿಲ್ಲವೇ?

ಆ ಜಿಟಿಒವನ್ನೇ ನೋಡೋಣ. ಮೂರು ಲೀಟರಿನ ವಿ12 ಎಂಜಿನ್ ಅದ್ಭುತ, ಒಪ್ಪಿದೆ. ಆದರೆ ಹಿಂದೆ ಬಗ್ಗಿ ನೋಡಿ ಸ್ವಾಮಿ: ಒಂದೇ ಗಟ್ಟಿ ಆಕ್ಸಲ್, ಅದಕ್ಕೆ ನಮ್ಮ ಲಾರಿಗಳ ಅಡಿ ಕಾಣೋ ಜಾತಿಯ ಲೀಫ್ ಸ್ಪ್ರಿಂಗು. ಇದು 1962ರ ಕಾರು! ಡಿಸ್ಕ್ ಬ್ರೇಕಿನ ವಿಷಯದಲ್ಲೂ ಅಷ್ಟೇ. ಜಾಗ್ವಾರ್ 1953ರಲ್ಲೇ ಡಿಸ್ಕ್ ಹಾಕಿಕೊಂಡು ಲೆ ಮ್ಯಾನ್ಸ್ ಗೆದ್ದಿದ್ದರೂ ಫೆರಾರಿ ವರ್ಷಗಟ್ಟಲೆ ಡ್ರಮ್ಮಿಗೇ ಜೋತುಬಿದ್ದಿತ್ತು.

ಈಗ ಅದಕ್ಕಿಂತ ಹನ್ನೆರಡು ವರ್ಷ ಹಿಂದಕ್ಕೆ ಬನ್ನಿ. 1950ರ ಲಾಂಚಿಯಾ ಔರೇಲಿಯಾ. ಫ್ರಾಂಚೆಸ್ಕೊ ದೆ ವಿರ್ಜಿಲಿಯೊ ಲೆಕ್ಕ ಹಾಕಿ ಹಾಕಿ ನಡುಕ ತಗ್ಗಿಸಿದ ವಿ6 ಎಂಜಿನ್, ಮಾರಾಟದ ಕಾರಿನಲ್ಲಿ ಮೊದಲನೆಯದು. ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಹಿಂದೆ, ಹಿಂದಿನ ಬ್ರೇಕುಗಳು ಚಕ್ರದಲ್ಲಿಲ್ಲದೆ ಅವುಗಳ ಪಕ್ಕದಲ್ಲಿ. ಹಿಂದಿನ ಎರಡು ಚಕ್ರಗಳೂ ಸ್ವತಂತ್ರ. ಭಾರ ಎರಡೂ ತುದಿಗೆ ಹಂಚಿಹೋದಾಗ ತಿರುವಿನಲ್ಲಿ ಮೂತಿ ಹೊರಕ್ಕೆ ಎಳೆಯೋದು ಕಮ್ಮಿ. ಬ್ರೇಕಿನ ಭಾರ ಚಕ್ರದಿಂದ ಇಳಿದಾಗ ಹಳ್ಳಕೊಳ್ಳದ ರಸ್ತೆಗೆ ಟೈರು ಅಂಟಿಕೊಳ್ಳುತ್ತೆ. ನೀವು 'ಕ್ಯಾರೆಕ್ಟರ್' ಅನ್ನೋದು ಇದನ್ನೇ. 1951ರ ಮಿಲ್ಲೆ ಮಿಲ್ಯಾದಲ್ಲಿ ಎರಡು ಲೀಟರಿನ ಔರೇಲಿಯಾ ಬಿ20 ಎರಡನೇ ಸ್ಥಾನಕ್ಕೆ ಬಂತು. ಅದರ ಮುಂದಿದ್ದದ್ದು 4.1 ಲೀಟರಿನ ಫೆರಾರಿ!

ಹಾಗಂತ ಗಟ್ಟಿ ಆಕ್ಸಲ್ ಅಂದರೆ ಪಾಪವೇನಲ್ಲ. ಆಲ್ಫಾ ರೋಮಿಯೋ ಜೂಲಿಯಾದಲ್ಲೂ ಇದ್ದದ್ದು ಅದೇ, ಆದರೆ ಕಾಯಿಲ್ ಸ್ಪ್ರಿಂಗ್ ಜತೆಗೆ ಒಳ್ಳೆ ಹಿಡಿತದಲ್ಲಿತ್ತು. ಅದು 1962ರ ಫ್ಯಾಮಿಲಿ ಕಾರು. ನೋಡೋಕೆ ಬೆಂಕಿಪೊಟ್ಟಣ, ಗಾಳಿ ಸೀಳುವುದರಲ್ಲಿ ಜಾಣ. ಅಲ್ಯೂಮಿನಿಯಂ ಟ್ವಿನ್ ಕ್ಯಾಮ್ ಎಂಜಿನ್, ಐದು ಗೇರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗೋ ಗುಮಾಸ್ತನಿಗೆ ಇಷ್ಟೆಲ್ಲಾ! ಔರೇಲಿಯಾ ದೂರದ ಊರಿಗೆ ದಣಿವಿಲ್ಲದೆ ಒಯ್ಯುವ ಕಾರಾದರೆ, ಇದು ಎಂಜಿನ್ ಕಿರುಚಿಸಿದಷ್ಟೂ ಖುಷಿಪಡೋ ಕಾರು.

ತುಕ್ಕು? ಹೌದು, ಹಿಡೀತಿತ್ತು. ಆಲ್ಫಾಸೂದ್ ಕಾಲಕ್ಕಂತೂ ಅದೊಂದು ರೋಗವೇ ಆಗಿತ್ತು. ಆ ತಗಾದೆಗೆ ನನ್ನ ಬಳಿ ಉತ್ತರವಿಲ್ಲ.

ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ದುಬಾರಿ ಎಂಜಿನಿಯರಿಂಗೂ ರೇಸಿನ ಖರ್ಚೂ ಸೇರಿ ಲಾಂಚಿಯಾ 1955ರಲ್ಲಿ ಕುಸಿಯಿತು. ಆ ಕುಟುಂಬದ ಕೈಯಿಂದ ಕಂಪನಿ ಹೋಯಿತು. ವಿತ್ತೋರಿಯೊ ಯಾನೊ ರೂಪಿಸಿದ ಡಿ50 ರೇಸ್ ಕಾರುಗಳನ್ನು ಅನಾಮತ್ತಾಗಿ ಫೆರಾರಿಗೆ ಒಪ್ಪಿಸಲಾಯಿತು. ಎಂಜಿನ್ನೇ ಚಾಸಿಯ ಒಂದು ಭಾಗವಾಗಿ ಭಾರ ಹೊರುತ್ತಿದ್ದ, ಇಂಧನದ ಟ್ಯಾಂಕನ್ನು ಚಕ್ರಗಳ ನಡುವೆ ತೂಗುಹಾಕಿದ್ದ ಕಾರದು. ಮರುವರ್ಷ ಫಾಂಜಿಯೊ ಅದೇ ತಳಿಯ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ. ಮೂತಿಯ ಮೇಲೆ ಕುದುರೆ, ಒಳಗೆ ಲಾಂಚಿಯಾದ ಮೆದುಳು. ವಾಲ್‌ಪೇಪರಿಗೆ ಬಂದದ್ದು ಮಾತ್ರ ಕುದುರೆ.

ಮೊನ್ನೆ ಆ ಗೆಳೆಯನನ್ನು ಬೇಸ್‌ಮೆಂಟ್ ಪಾರ್ಕಿಂಗಿಗೆ ಕರ್ಕೊಂಡು ಹೋಗಿ ಅವನದೇ ಹ್ಯಾಚ್‌ಬ್ಯಾಕ್ ಬಾನೆಟ್ ತೆಗೆಸಿದೆ. ಅಡ್ಡಡ್ಡ ಕೂತ ಎಂಜಿನ್, ಅದರ ತುದಿಗೆ ಗೇರ್‌ಬಾಕ್ಸ್, ಮುಂದಿನ ಚಕ್ರಕ್ಕೆ ಶಕ್ತಿ. ಫಿಯೆಟ್‌ನ ದಾಂತೆ ಜಾಕೋಸಾ ಈ ಜೋಡಣೆಯನ್ನು 1964ರಲ್ಲಿ ಆಟೋಬಿಯಾಂಕಿ ಪ್ರಿಮುಲಾ ಅನ್ನೋ ಪುಟ್ಟ ಕಾರಿನಲ್ಲಿ ಹಾಕಿ ನೋಡಿ, 1969ರ ಫಿಯೆಟ್ 128ರಲ್ಲಿ ಮನೆಮನೆಗೆ ಮುಟ್ಟಿಸಿದ. "ನಿನ್ನ ಇಟಾಲಿಯನ್ ಕಾರು ಇದೇ ಕಣೋ," ಅಂದೆ. ಅವನು ಒಂದು ನಿಮಿಷ ಇಣುಕಿ ನೋಡಿ, ಕೂಲಂಟ್ ಕಮ್ಮಿ ಆಗಿದೆ ಅಂದ.