ಕೊಟ್ಟಿಗೆ ಖಾಲಿಯಾದ ದಿನದ ಸಂತೋಷ

ಮಾಸ್ತಿ ಹೋಬಳಿಯ ವಿಶ್ವಾಸಿಗಳಿಗೂ ಅವರ ನೆರೆಹೊರೆಯ ಎಲ್ಲ ಮನೆಗಳಿಗೂ



ಈ ಕಾಗದದಲ್ಲಿ ಪವಾಡ ಮಾರಾಟಕ್ಕಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಯೇಸುಸ್ವಾಮಿಯನ್ನು ನಂಬಿದರೆ ಸಂಘದ ಸಾಲ ತೀರುತ್ತದೆ, ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಉಕ್ಕುತ್ತದೆ, ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬರುತ್ತದೆ ಎಂದು ಮೈಕ್ ಹಿಡಿದು ಕೂಗುವವರನ್ನು ನೀವು ಕೇಳಿದ್ದೀರಿ. ಅವರಲ್ಲಿ ಕೆಲವರು ನಮ್ಮವರೇ. ಆ ಮಾತು ಸತ್ಯವೇದದ (ಬೈಬಲ್ಲಿನ) ಮಾತಲ್ಲ ಎಂದು ಹೇಳುವುದಕ್ಕೇ ಈ ಕರಪತ್ರ ಅಚ್ಚಾಗಿದೆ.

ಆ ಮಾತಿನ ಕ್ರೂರತನ ಆಮೇಲೆ ಗೊತ್ತಾಗುತ್ತದೆ. ಉಪವಾಸವಿದ್ದು ಪ್ರಾರ್ಥನೆ ಮಾಡಿ ಸಾವಿರದ ಇನ್ನೂರು ಅಡಿ ಕೊರೆಸಿದವನಿಗೆ ಬರೀ ಧೂಳು ಬಂದರೆ, ಲಾರಿಯವನ ಲೆಕ್ಕ ಕೊಟ್ಟು ಕೂತವನಿಗೆ ಇನ್ನೊಂದು ಲೆಕ್ಕವೂ ಬರುತ್ತದೆ: ನಿನ್ನ ನಂಬಿಕೆ ಸಾಲದು, ಎಲ್ಲೋ ಪಾಪ ಉಳಿದಿದೆ. ಸಾಲದ ಮೇಲೆ ಅಪರಾಧ. ಮೊದಲು ಜಮೀನು ಅಡ ಇಟ್ಟವನು ಈಗ ಮನಸ್ಸನ್ನೂ ಅಡ ಇಟ್ಟ ಹಾಗಾಯಿತು. ಇಂಥ ಬೋಧನೆಯಿಂದ ಸಂತೋಷ ಹುಟ್ಟುವುದಿಲ್ಲ. ಹುಟ್ಟಿದರೂ ಮುಂದಿನ ಕಂತಿನ ದಿನದವರೆಗೆ ಬಾಳುವುದಿಲ್ಲ.

ನಮ್ಮ ವಾದ ಬೇರೆ. ಕ್ರಿಸ್ತನಲ್ಲಿ ಸಿಗುವ ಸಂತೋಷ ಕಷ್ಟ ಕಳೆದ ಮೇಲೆ ಬರುವ ಬಹುಮಾನವಲ್ಲ. ಕಷ್ಟ ನಡೆಯುತ್ತಿರುವಾಗಲೇ, ಸಾಲ ಸಾಲವಾಗಿಯೇ ಇರುವಾಗಲೇ, ಅದು ಸಿಗಬಲ್ಲದು. ಸಿಕ್ಕವರು ಇದ್ದಾರೆ. ನಮ್ಮ ನಾಡಿನಲ್ಲೇ ಇದ್ದರು.

ಕಷ್ಟ ಏನೆಂದು ಕೋಲಾರ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ನಮಗಿಲ್ಲ. 2018ರಿಂದ ಕೆ.ಸಿ. ವ್ಯಾಲಿಯ ನೀರು ಕೆರೆಗಳಿಗೆ ಬಂತು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ನಮಗೆ ಕಳಿಸಿದ್ದು, ಅದಕ್ಕೂ ಕೃತಜ್ಞರಾಗಿರಬೇಕಾದ ಸ್ಥಿತಿ ನಮ್ಮದು. ಟೊಮೆಟೊ 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸಿಗೆ 2,000 ರೂಪಾಯಿ ದಾಟಿತು; ಅದೇ ಟೊಮೆಟೊವನ್ನು ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳೂ ಇವೆ. 2025ರ ಜೂನ್‌ನಲ್ಲಿ ಪಕ್ಕದ ಚಿತ್ತೂರು ಜಿಲ್ಲೆ ನಮ್ಮ ತೋತಾಪುರಿ ಬಾರದಂತೆ ತಡೆದಾಗ ಶ್ರೀನಿವಾಸಪುರದ ಮಾವಿನವರು ಏನು ಪಾಡು ಪಟ್ಟರು ಎಂದು ಎಲ್ಲರೂ ನೋಡಿದ್ದೇವೆ. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿಯ ಮಕ್ಕಳು ಇವತ್ತಿಗೂ ನಸುಕಿನ ರೈಲು ಹಿಡಿದು ಬಂಗಾರಪೇಟೆ, ಮಾಲೂರು ದಾಟಿ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾರೆ. ಇನ್ನು ವಾರದ ಕಂತು. ಸಾಲ ಕೊಟ್ಟ ಕಂಪನಿಯವರು ಹೆಂಗಸರನ್ನು ಬಾಗಿಲಲ್ಲಿ ನಿಲ್ಲಿಸಿ ಬೈಯುವುದನ್ನು ತಡೆಯಲು ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇಂಥ ಊರಿನಲ್ಲಿ ನಿಂತು ಸಂತೋಷದ ಮಾತಾಡುವುದಕ್ಕೆ ಧೈರ್ಯ ಬೇಕು, ಇಲ್ಲವೇ ದಪ್ಪ ಚರ್ಮ ಬೇಕು. ನಮಗೆ ಧೈರ್ಯ ಬಂದಿರುವುದು ಹಬಕ್ಕೂಕ ಎಂಬ ಪ್ರವಾದಿಯಿಂದ. ಸತ್ಯವೇದದಲ್ಲಿ ಅವನ ಪುಸ್ತಕ ಮೂರೇ ಅಧ್ಯಾಯ. ಶುರುವಾಗುವುದೇ ಜಗಳದಿಂದ: ದೇವರೇ, ಎಷ್ಟು ದಿನ ಕೂಗಬೇಕು, ನೀನು ಕೇಳುವುದಿಲ್ಲವೇ ಎಂದು. ಅಂಥವನು ಕೊನೆಗೆ ಒಂದು ಬರಗಾಲದ ದಿನವನ್ನು ಕಣ್ಣಮುಂದೆ ತಂದುಕೊಳ್ಳುತ್ತಾನೆ. ತೋಟದಲ್ಲಿ ಫಸಲಿಲ್ಲ, ಹೊಲ ಕೈಕೊಟ್ಟಿದೆ, ಹಟ್ಟಿಯಲ್ಲಿ ಕುರಿ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಹಾಗಿದ್ದರೂ ನನ್ನನ್ನು ಕಾಯುವ ದೇವರಲ್ಲಿ ಹರ್ಷಪಡುತ್ತೇನೆ ಎನ್ನುತ್ತಾನೆ. ಮುಂದಿನ ವರ್ಷ ಮಳೆ ಬರುತ್ತದೆ ಎಂದು ಅವನು ಹೇಳಲಿಲ್ಲ, ದನ ವಾಪಸ್ ಬರುತ್ತದೆ ಎಂದೂ ಹೇಳಲಿಲ್ಲ. ಡೈರಿಗೆ ಹಾಲು ಹಾಕಿ ಮನೆ ನಡೆಸುವ ನಮ್ಮ ಅಕ್ಕಂದಿರಿಗೆ ಖಾಲಿ ಕೊಟ್ಟಿಗೆ ಎಂದರೆ ಏನೆಂದು ಬಿಡಿಸಿ ಹೇಳಬೇಕೇ? ಪೇಟೆಯ ಯಾವ ಬೋಧಕನಿಗಿಂತಲೂ ಈ ಪ್ರವಾದಿ ಅವರಿಗೆ ಹತ್ತಿರದವನು.

ಯೇಸುವಿನ ಅಪೊಸ್ತಲ ಪೌಲನದೂ ಇದೇ ಕಥೆ. ಫಿಲಿಪ್ಪಿ ಪಟ್ಟಣದಲ್ಲಿ ಅವನನ್ನೂ ಜೊತೆಗಾರ ಸೀಲನನ್ನೂ ಬೆತ್ತದಿಂದ ಹೊಡೆದು, ಕಾಲಿಗೆ ಕೋಳ ಹಾಕಿ ಒಳಸೆರೆಗೆ ತಳ್ಳಿದರು. ನಡುರಾತ್ರಿಯಲ್ಲಿ ಇಬ್ಬರೂ ಹಾಡುತ್ತಿದ್ದರು, ಉಳಿದ ಕೈದಿಗಳು ಕೇಳುತ್ತಿದ್ದರು. ಭೂಕಂಪ ಆಗಿ ಬಾಗಿಲು ತೆರೆದದ್ದು ಆಮೇಲೆ, ಹಾಡು ಮೊದಲು. ಭೂಕಂಪದ ಬಗ್ಗೆ ಗಂಟೆಗಟ್ಟಲೆ ಬೋಧಿಸುವವರು ಈ ಕ್ರಮವನ್ನು ಮರೆತುಬಿಡುತ್ತಾರೆ. ವರ್ಷಗಳ ಮೇಲೆ ಮತ್ತೊಂದು ಸೆರೆಯಲ್ಲಿದ್ದುಕೊಂಡು ಅದೇ ಊರಿನ ಸಭೆಗೆ ಪೌಲ ಪತ್ರ ಬರೆದ. ನಾಲ್ಕು ಅಧ್ಯಾಯದ ಆ ಪತ್ರದಲ್ಲಿ ಸಂತೋಷದ ಮಾತು ಹತ್ತಾರು ಸಲ ಬರುತ್ತದೆ. ಅದೇ ಪತ್ರದಲ್ಲಿ ತನ್ನ ಗೆಳೆಯ ಎಪಫ್ರೊದೀತ ಸಾಯುವ ಹಾಗಿದ್ದನೆಂದೂ, ಅವನು ಹೋಗಿದ್ದರೆ ತನಗೆ ದುಃಖದ ಮೇಲೆ ದುಃಖ ಆಗುತ್ತಿತ್ತೆಂದೂ ಮುಚ್ಚುಮರೆಯಿಲ್ಲದೆ ಬರೆದ. ಆ ಬಡ ಸಭೆಯವರು ಅವನ ಖರ್ಚಿಗೆ ಕಳಿಸಿದ್ದು ಕೈಸೇರಿತು ಎಂಬ ರಶೀದಿಯೂ ಅದರಲ್ಲೇ ಇದೆ. ದುಃಖ, ಹಣದ ವಿಚಾರ, ಗೆಳೆಯನ ಕಾಯಿಲೆ ಎಲ್ಲ ಒಂದೇ ಕಾಗದದಲ್ಲಿ. ಸಂತೋಷ ಇವುಗಳ ನಡುವೆಯೇ ಕೂತಿದೆ.

ಈಗ ನಮ್ಮ ನಾಡಿನವರ ಮಾತಿಗೆ ಬರೋಣ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಮಾಳದ ಕಡೆಯವರು, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜಾತಿಯವರ ಸಿಟ್ಟಿಗೆ ಗುರಿಯಾದವರು. ಆ ಮಗುವೇ ಮುಂದೆ ಪಂಡಿತಾ ರಮಾಬಾಯಿ. 1870ರ ದಶಕದ ಬರದಲ್ಲಿ ತಂದೆ ಹೋದರು, ತಾಯಿ ಹೋದರು, ಅಕ್ಕ ಹೋದರು. ಉಳಿದ ಅಣ್ಣನ ಜೊತೆ ಹುಡುಗಿ ಹಸಿದುಕೊಂಡು ದೇಶವೆಲ್ಲ ನಡೆದಳು. 1878ರಲ್ಲಿ ಕಲ್ಕತ್ತೆಯ ಪಂಡಿತರು ಆಕೆಗೆ ಬಿರುದು ಕೊಟ್ಟರು. ಎರಡು ವರ್ಷಕ್ಕೆ ಅಣ್ಣ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ, ಗಂಡನನ್ನು ಕಾಲರಾ ಒಯ್ದಿತು. ಕೈಯಲ್ಲಿ ಮನೋರಮಾ ಎಂಬ ಕೂಸು.

ಮರುವರ್ಷ ಇಂಗ್ಲೆಂಡಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಕಥೆ ಚೆನ್ನಾಗಿ ಮುಗಿಯುತ್ತದೆ, ಆದರೆ ನಡೆದದ್ದು ಹಾಗಲ್ಲ. ಆಗ ತನಗೆ ಸಿಕ್ಕದ್ದು ಕ್ರೈಸ್ತ ಮತ, ಕ್ರಿಸ್ತ ಇನ್ನೂ ಸಿಕ್ಕಿರಲಿಲ್ಲ ಎಂದು ಅವರೇ 1907ರಲ್ಲಿ ಹೇಳಿಕೊಂಡರು. ಸುಮಾರು ಎಂಟು ವರ್ಷ ಒಳಗೊಳಗೇ ತಳಮಳಿಸಿ, ಕೊನೆಗೆ ತನ್ನಿಂದ ಏನೂ ಆಗದು ಎಂದು ಒಪ್ಪಿ ಕ್ರಿಸ್ತನ ಕೈಗೆ ತನ್ನನ್ನು ಬಿಟ್ಟುಕೊಟ್ಟ ಮೇಲೆಯೇ ಹರ್ಷ ಬಂದದ್ದು. ಸಭೆಗೆ ಬರುತ್ತಿದ್ದೂ ಒಳಗೆ ಬರಿದಾಗಿರುವವರು ಈ ಎಂಟು ವರ್ಷವನ್ನು ನೆನಪಿಡಿ. ತಡವಾಯಿತೆಂದು ದೇವರು ಯಾರನ್ನೂ ಸಾಲಿನಿಂದ ಹೊರಗೆ ಕಳಿಸುವುದಿಲ್ಲ.

ಆ ಹರ್ಷ ಅವರನ್ನು ಮನೆಯಲ್ಲಿ ಕೂರಿಸಲಿಲ್ಲ ಎನ್ನುವುದೇ ನಮಗೆ ದೊಡ್ಡ ಸಾಕ್ಷಿ. 1896-97ರ ಬರದಲ್ಲಿ ಮಧ್ಯ ಭಾರತಕ್ಕೆ ಹೋಗಿ, ತಾನು ಒಮ್ಮೆ ಇದ್ದ ಸ್ಥಿತಿಯಲ್ಲೇ ಇದ್ದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಪುಣೆಯ ಹತ್ತಿರದ ಕೇಡಗಾಂವಿಗೆ ಕರೆತಂದು ಅನ್ನ, ಅಕ್ಷರ, ಕೈಕೆಲಸ ಕೊಟ್ಟರು. ಮಗಳು ಮನೋರಮಾ 1912ರಲ್ಲಿ ಗುಲ್ಬರ್ಗದಲ್ಲಿ ಶುರುವಾದ ಶಾಲೆಯ ಹೊಣೆ ಹೊತ್ತರು. ಆ ಮಗಳೂ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ರಮಾಬಾಯಿಯೂ ಹೊರಟರು. ಬದುಕಿನ ಕೊನೆಯ ದಿನಗಳವರೆಗೂ ಅವರ ಕೈಯಲ್ಲಿದ್ದ ಕೆಲಸ ಸತ್ಯವೇದದ ಮರಾಠಿ ಅನುವಾದ. ಈ ಬದುಕನ್ನು ಸುಖದ ಬದುಕು ಎನ್ನುವವರು ಯಾರೂ ಇಲ್ಲ. ಆದರೂ ಆಕೆಗೆ ಸಂತೋಷ ಇರಲಿಲ್ಲ ಎನ್ನಲು ಆಕೆಯನ್ನು ಬಲ್ಲವರು ಯಾರೂ ಒಪ್ಪುತ್ತಿರಲಿಲ್ಲ.

ರಮಾಬಾಯಿ ಹಸಿದು ನಡೆದ 1870ರ ದಶಕದಲ್ಲಿ ಬರ ನಮ್ಮ ಜಿಲ್ಲೆಯನ್ನೂ ಬಿಡಲಿಲ್ಲ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಅದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ 42 ಲಕ್ಷಕ್ಕೆ ಕುಸಿದಿತ್ತು. ಕೋಲಾರದಲ್ಲಿ ಆಗ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು ತಬ್ಬಲಿ ಮಕ್ಕಳನ್ನು ಕೂಡಿಸಿ ಸಾಕಿದಳು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದಳು. ಶತಮಾನ ದಾಟಿದ ಇ.ಟಿ.ಸಿ.ಎಂ. ಆಸ್ಪತ್ರೆ ಆ ಮಿಷನ್‌ನದೇ; ಜಾತಿ ಧರ್ಮ ಕೇಳದ ಆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಂಡು ಬಂದ ಮನೆಗಳು ಈ ಕಡೆ ಎಷ್ಟಿವೆಯೋ!

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಗಂಜಿಗಾಗಿ ಮತ ಬದಲಿಸಿದವರು ಎಂದು ಆ ಮಕ್ಕಳನ್ನು ಹಂಗಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹಸಿದವರಿಗೆ ಅನ್ನ ತೋರಿಸಿ ದೇವರನ್ನು ಮಾರುವುದು ತಪ್ಪು; ಎಲ್ಲಿ ಯಾರು ಹಾಗೆ ಮಾಡಿದ್ದರೂ ನಾವು ಅದರ ಪರ ವಾದಿಸುವುದಿಲ್ಲ. ಆದರೆ ಗಂಜಿ ಒಂದು ಹೊತ್ತಿನದು. ಬರ ಕಳೆದು ರಾಗಿ ಬಂದ ಮೇಲೂ, ನೆಂಟರಿಷ್ಟರು ದೂರವಿಟ್ಟ ಮೇಲೂ, ಎರಡನೆಯ, ಮೂರನೆಯ ತಲೆಮಾರಿನಲ್ಲೂ ಭಾನುವಾರದ ಹಾಡು ನಿಲ್ಲಿಸದಿದ್ದವರು ಯಾವ ಗಂಜಿಗಾಗಿ ಉಳಿದರು? ಈ ಕರಪತ್ರ ಕೊಡುವವರೂ ನಿಮ್ಮ ಕೈಗೆ ಅಕ್ಕಿ ಮೂಟೆ ಕೊಡುವುದಿಲ್ಲ, ಹೆಸರು ಬದಲಿಸಿ ಎನ್ನುವುದಿಲ್ಲ.

ಮಾಸ್ತಿ ಎಂದರೆ ಕನ್ನಡ ನಾಡಿಗೆಲ್ಲ ವೆಂಕಟೇಶ ಅಯ್ಯಂಗಾರ್ಯರು. ಅವರ ಕಥೆಗಳಲ್ಲಿ ಸಾವುನೋವು ಬೇಕಾದಷ್ಟಿದೆ, ಕಹಿ ಇಲ್ಲ. ಆ ಸಮಾಧಾನದ ಬೇರು ಅವರ ಶ್ರೀವೈಷ್ಣವ ಭಕ್ತಿಯಲ್ಲಿದೆ ಎಂದು ಓದಿದವರಿಗೆ ಗೊತ್ತು, ನಾವು ಅದನ್ನು ಗೌರವಿಸುತ್ತೇವೆ. ನಮ್ಮ ಬೇರು ಯಾವುದು ಎಂದು ನೀವು ಕೇಳಿದರೆ ಉತ್ತರ ಕೊಡುವುದು ನೆರೆಯವರಾಗಿ ನಮ್ಮ ಕರ್ತವ್ಯ. ನಮ್ಮ ಬೇರು ಗೆಳೆಯ ಲಾಜರನ ಗೋರಿಗೆ ಹೋಗುತ್ತಾ ಅತ್ತ ಯೇಸು. ಸತ್ತವನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅವನ ಸೋದರಿ ಮರಿಯಳ ಅಳು ಕಂಡು ತಾನೂ ಅತ್ತವನು. ಬಳಿಕ ಶಿಲುಬೆಯ ಮೇಲೆ, ತಂದೆಯೂ ಕೈಬಿಟ್ಟನೇ ಎನ್ನುವ ಕತ್ತಲೆಯವರೆಗೆ ಇಳಿದವನು. ಮೂರನೆಯ ದಿನ ಎದ್ದವನು. ಇಂಥವನು ನಮ್ಮ ಮನೆಯ ಯಾವ ಕತ್ತಲೆಗೂ ಹೊಸಬನಲ್ಲ. ಅವನು ಎದ್ದಿದ್ದಾನೆ ಎಂಬುದೇ ನಮ್ಮ ಸಂತೋಷದ ಆಧಾರ. ಟೊಮೆಟೊ ರೇಟು ಅದನ್ನು ಏರಿಸಲೂ ಆರದು, ಇಳಿಸಲೂ ಆರದು.

ಹಾಗಾಗಿ ವಿಶ್ವಾಸಿಗಳಿಗೆ ಒಂದು ಮಾತು. ಸಂತೋಷದ ಮುಖವಾಡ ಹಾಕಿಕೊಂಡು ಸಭೆಗೆ ಬರಬೇಡಿ. ಅಳು ಬಂದರೆ ಅಳಿ. ಕೀರ್ತನೆಗಳಲ್ಲಿ 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಪ್ರಾರ್ಥನೆ ಎಂದು ಸತ್ಯವೇದ ಒಪ್ಪಿಕೊಂಡು ಒಳಗಿಟ್ಟಿದೆ. ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ಸಾಯುವ ಯೋಚನೆ ಬರುತ್ತಿದ್ದರೆ ಅದು ನಂಬಿಕೆಯ ಕೊರತೆಯಲ್ಲ, ಕಾಯಿಲೆ. ಕೋಲಾರದ ಎಸ್.ಎನ್.ಆರ್. ಜಿಲ್ಲಾಸ್ಪತ್ರೆಗೆ ಹೋಗಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ನುಂಗಿ ಪ್ರಾರ್ಥಿಸಿ. ಮಾತ್ರೆ ಬಿಡು, ಪ್ರಾರ್ಥನೆ ಮಾತ್ರ ಸಾಕು ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಸಭೆಯ ಹಿರಿಯರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕಿದೆ. ಫಿಲಿಪ್ಪಿಯವರು ಪೌಲನಿಗೆ ಬರೀ ಪ್ರಾರ್ಥನೆ ಕಳಿಸಲಿಲ್ಲ, ಖರ್ಚಿಗೂ ಕಳಿಸಿದರು. ನಮ್ಮಲ್ಲಿ ಯಾರ ಮನೆಯ ಕಂತು ನಿಂತಿದೆ, ಯಾರ ಹಸು ಸತ್ತಿದೆ, ಯಾರ ರೇಷ್ಮೆ ಹುಳು ರೋಗ ಬಂದು ಹೋಯಿತು ಎಂದು ಗೊತ್ತಿಲ್ಲದ ಸಭೆಯಲ್ಲಿ ಹಾಡು ಎಷ್ಟು ಜೋರಾಗಿದ್ದರೂ ಪ್ರಯೋಜನವಿಲ್ಲ. ಸೌಂಡ್ ಸಿಸ್ಟಮ್ ಇನ್ನೊಂದು ವರ್ಷ ಕಾಯಬಹುದು. ಸಾಲಗಾರನ ಹೆಂಡತಿಯ ಜೊತೆ ಕಂತಿನ ದಿನ ಬಾಗಿಲಲ್ಲಿ ನಿಲ್ಲಲು ಇಬ್ಬರು ಹೋಗಿ. ಸುಗ್ರೀವಾಜ್ಞೆಯಾಗಿ ಬಂದ ರಕ್ಷಣೆ ಏನೆಂದು ಓದಿ ಹೇಳಿ, ಪೊಲೀಸ್ ಠಾಣೆಗೆ ಹೋಗಬೇಕಾದರೆ ಜೊತೆಗೆ ಹೋಗಿ. ನೆರೆಮನೆಯವರು ಯಾವ ದೇವರಿಗೆ ಕೈಮುಗಿಯುವವರಾದರೂ ಸರಿ, ಅವರ ಮನೆಗೂ ಹೋಗಿ.

ನೆರೆಹೊರೆಯವರೇ, ನಿಮಗೆ ನಾವು ಕೇಳುವುದು ಅರ್ಧ ಗಂಟೆ ಮಾತ್ರ. ಪೌಲ ಸೆರೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಒಮ್ಮೆ ಓದಿ. ಮಾಲೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಓದಿ ಮುಗಿಸಬಹುದು. ಕನ್ನಡ ಸತ್ಯವೇದ ಮನೆಯಲ್ಲಿ ಇಲ್ಲದಿದ್ದರೆ ಹತ್ತಿರದ ಯಾವ ಸಭೆಯಲ್ಲಾದರೂ ಕೇಳಿ, ಓದಿ ವಾಪಸ್ ಕೊಡಿ. ಅರ್ಥವಾಗದ ಕಡೆ, ಒಪ್ಪಿಗೆಯಾಗದ ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಆ ಗುರುತುಗಳ ಬಗ್ಗೆ ಜಗಳವಾಡಲು ಬಂದರೂ ನಮ್ಮ ಮನೆಯಲ್ಲಿ ಕಾಫಿ ಇದೆ.