ತಡವಾಗಿ ಬಂದವರಿಗೂ ಅವಕಾಶವಿರಲಿ

ಐದಾರು ವರ್ಷದೊಳಗೆ ಮಂಜುಗಡ್ಡೆಯ ಮೇಲೆ ಕಾಲಿಡದವರಿಗೆ ಫಿಗರ್ ಸ್ಕೇಟಿಂಗ್‌ನಲ್ಲಿ ಎತ್ತರದ ಸ್ಥಾನ ದಕ್ಕದು ಎಂಬ ನಂಬಿಕೆ ಬಲವಾಗಿದೆ. ಅದಕ್ಕೆ ಆಧಾರವೂ ಇದೆ. ಮೂರು ಸುತ್ತಿನ ಜಿಗಿತದಲ್ಲಿ ಸ್ಪರ್ಧಿ ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಕಾಲ. ಹಗುರ ಮೈಯ, ಬೀಳಲು ಅಂಜದ ಮಗು ಅದನ್ನು ಬೇಗ ಕಲಿಯುತ್ತದೆ.

2024ರಲ್ಲಿ, ತಮ್ಮ 40ನೆಯ ವಯಸ್ಸಿನಲ್ಲಿ, ಜೋಡಿ ವಿಭಾಗದ ವಿಶ್ವ ಪ್ರಶಸ್ತಿ ಗೆದ್ದ ಡಿಯಾನಾ ಸ್ಟೆಲಾಟೊ-ಡುಡೆಕ್ ಅವರನ್ನು ಇದಕ್ಕೆ ಉತ್ತರವೆಂದು ತೋರಿಸುವವರಿದ್ದಾರೆ. ನಾನು ಒಪ್ಪಲಾರೆ. ಅವರು 2000ದಲ್ಲೇ ಜೂನಿಯರ್ ವಿಶ್ವ ಬೆಳ್ಳಿ ಗೆದ್ದು, ದೀರ್ಘಕಾಲ ದೂರವಿದ್ದು ಮರಳಿದವರು. ಸರಿಯಾದ ನಿದರ್ಶನ ಅಮೆರಿಕದ ಜಾನಿ ವಿಯರ್. 12ರಲ್ಲಿ ಆರಂಭಿಸಿದ ಅವರು 2004ರಿಂದ ಸತತ ಮೂರು ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು; 2008ರಲ್ಲಿ ವಿಶ್ವ ಕಂಚು ಪಡೆದರು. ಆದರೆ ಅಂಥವರು ವಿರಳ.

ವಿರಳವೇಕೆ? ದೇಹದ ಮಿತಿಯಷ್ಟೇ ಅಲ್ಲ, ಆಯ್ಕೆಯ ಅವಸರವೂ ಕಾರಣವೆಂಬುದು ನನ್ನ ವಾದ. 15ಕ್ಕೇ ಸೀನಿಯರ್ ವಿಭಾಗ ತೆರೆದಿದ್ದಾಗ, 12ರಲ್ಲಿ ಬಂದವರಿಗಾಗಿ ಕಾಯುವ ತಾಳ್ಮೆ ತರಬೇತುದಾರರಿಗೆ ಎಲ್ಲಿಂದ ಬರಬೇಕು? 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಉದ್ದೀಪನ ಮದ್ದು ವಿವಾದದ ನಡುವೆ, 15ರ ಕಮಿಲಾ ವಲಿಯೆವಾ ಪಟ್ಟ ಪಾಡನ್ನು ಜಗತ್ತೇ ಕಂಡಿತು. ಅದೇ ವರ್ಷ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 17ಕ್ಕೇರಿಸಲು ನಿರ್ಧರಿಸಿತು.

ಮಕ್ಕಳ ರಕ್ಷಣೆಗೆಂದು ಬಂದ ಈ ನಿಯಮ ತಡವಾಗಿ ಬಂದವರಿಗೂ ಎರಡು ವರ್ಷ ಒದಗಿಸಿದೆ. ಆಯಾ ದೇಶದ ಸ್ಕೇಟಿಂಗ್ ಸಂಸ್ಥೆಗಳು ಅದನ್ನು ಬಳಸಿಕೊಳ್ಳಬೇಕು. ಹದಿಹರೆಯದವರನ್ನು ಅವರ ವಯಸ್ಸಿನಿಂದಲ್ಲ, ಕಲಿತ ವರ್ಷಗಳಿಂದ ಅಳೆದು, ತರಬೇತಿ ಮತ್ತು ನೆರವು ನೀಡಬೇಕು.