ಮಗನನ್ನೇಕೆ ಕಳಿಸಬೇಕು?

ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟವಳು ನಾನು. "ಈ ಪ್ರೊಸೆಸರ್ ನನ್ನ ಹಳೆಯ ಮದರ್‌ಬೋರ್ಡಿಗೆ ಹೊಂದುತ್ತದೆಯೇ?" ಎಂದು ಕೇಳಿದೆ. "ಕೂರುತ್ತೆ ಮೇಡಂ. ಅದೆಲ್ಲ ನಿಮಗೆ ತಿಳಿಯಲ್ಲ, ಮಗನನ್ನು ಕಳಿಸಿ" ಎಂದ ಅಂಗಡಿಯವನು.

ಕೂರುವುದು ಬೇರೆ, ನಡೆಯುವುದು ಬೇರೆ. 2015ರ ಇಂಟೆಲ್ ಸಾಕೆಟ್ಟಿಗೆ 1151 ಪಿನ್ನು. 2017ರ ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರಿನ ಸಾಕೆಟ್ಟಿಗೂ ಅಷ್ಟೇ. ಆದರೆ ಕೆಲವು ಪಿನ್ನುಗಳ ಕೆಲಸ ಬದಲಾಗಿದೆ. ಹಳೆಯ ಬೋರ್ಡಿಗೆ ಅದು ಆಗದೆಂದು ಕಂಪನಿಯೇ ಹೇಳಿದೆ.

ಕುಕ್ಕರಿನ ಗ್ಯಾಸ್ಕೆಟ್ಟನ್ನು ಮಾಡೆಲ್ ನೋಡಿಯೇ ತರುವ ನಮಗೆ ಇದೇನು ಬ್ರಹ್ಮವಿದ್ಯೆಯೇ? ಬೋರ್ಡಿನ ಹೆಸರು ಬರೆದುಕೊಳ್ಳಿ, ತಯಾರಕರ ಪಟ್ಟಿಯಲ್ಲಿ ಆ ಪ್ರೊಸೆಸರ್ ಇದೆಯೇ ನೋಡಿ, ಯಾವ ಬಯಾಸ್ ಬೇಕೆಂದು ಕೇಳಿ. ಜನ್ಮವಿಡೀ 'ಹೊಂದಿಕೊಂಡು ಹೋಗು' ಎಂದು ನಮಗೇ ಬೋಧಿಸಿದವರು, ಹೊಂದಿಕೆ ನಮಗೆ ತಿಳಿಯದೆನ್ನುವುದೇ?

ಮಗನನ್ನು ಕಳಿಸಲಿಲ್ಲ. ಇನ್ನೊಂದು ಅಂಗಡಿಗೆ ನಾನೇ ಹೋದೆ.